ಹತ್ತನೆಯ ಸಪ್ಪಳ

ನನ್ನ ಕೆಲಸ ಎಣಿಸುವುದು. ಬಾವಿಯ ತಳದಲ್ಲಿ ಕರಿಕಲ್ಲಿಗೆ ಕುಳಿ ಕೊರೆದು, ಮದ್ದಿನ ಕಡ್ಡಿ ಇಳಿಸಿ, ಮಣ್ಣು ಜಡಿದು, ಬತ್ತಿಗೆ ಬೀಡಿ ತಾಗಿಸಿ ಎಲ್ಲರೂ ಹಗ್ಗ ಹತ್ತಿ ಮೇಲೆ ಬಂದು ಓಡಿದ ಮೇಲೆ, ನಾನು ಬಂಡೆಯ ಮರೆಯಲ್ಲಿ ಬೋರಲು ಮಲಗಿ ಒಂದೊಂದು ಸಪ್ಪಳಕ್ಕೆ ಒಂದೊಂದು ಬೆರಳು ಮಡಿಚುತ್ತಿದ್ದೆ. ಹತ್ತು ಕುಳಿ ತುಂಬಿದ್ದರೆ ಹತ್ತು ಸಪ್ಪಳ ಆಗಬೇಕು. ಒಂಬತ್ತೇ ಆದರೆ ಒಂದು ಕಡ್ಡಿ ಕಲ್ಲಿನ ಹೊಟ್ಟೆಯಲ್ಲಿ ಹಾಗೇ ಉಳಿದಿದೆ ಎಂದು ಅರ್ಥ. ಆಗ ಮರುದಿನ ಬೆಳಗಿನವರೆಗೆ ಯಾರೂ ಇಳಿಯುವಂತಿಲ್ಲ. ಗೊತ್ತಿಲ್ಲದೆ ಇಳಿದು ಅದರ ಮೇಲೆ ಹಾರೆ ಹಾಕಿದವನು ಏನಾಗುತ್ತಾನೆ ಎಂಬುದನ್ನು ನೋಡಲು ನಾನು ದೂರ ಹೋಗಬೇಕಾಗಿಲ್ಲ. ಅವನು ವಿಜಾಪುರದ ನಮ್ಮ ಮನೆಯಲ್ಲಿ ಗೋಡೆಗೆ ಒರಗಿ ಕುಳಿತಿರುತ್ತಾನೆ. ಅವನು ನನ್ನ ಅಣ್ಣ.

ಅಣ್ಣನದು ಬಬಲೇಶ್ವರದ ಬಾವಿ. ಎರಡು ವರ್ಷದ ಹಿಂದಿನ ಒಂದು ಮಂಗಳವಾರ. ಆಗ ಎಣಿಸುವ ಕೆಲಸ ಅವನದೇ ಇತ್ತು. ಹತ್ತು ಕುಳಿಗೆ ಅವನು ಒಂಬತ್ತು ಎಣಿಸಿದ. ನಮ್ಮ ತಂಡದ ಯಜಮಾನ, ನಾವು ಮುಕಾದಮ ಎನ್ನುವವನು, ಕೇಳಲಿಲ್ಲ.

"ಎರಡ ಕೂಡಿ ಹಾರ್ಯಾವಲೇ. ಇಳಿ," ಅಂದ.

ಎರಡು ಬತ್ತಿ ಒಂದೇ ಗಳಿಗೆಯಲ್ಲಿ ಉರಿದು ಮುಟ್ಟಿದರೆ ಎರಡು ಸಪ್ಪಳ ಒಂದಾಗಿ ಕೇಳುತ್ತವೆ. ಹಾಗೆ ಆಗುವುದುಂಟು. ಅದಕ್ಕೇ ಬಾವಿ ತೋಡುವವರ ಬಾಯಲ್ಲಿ ಈ ಮಾತು ಸದಾ ಸಿದ್ಧ ಇರುತ್ತದೆ. ಕೆಲಸ ಮುಗಿಸುವ ಅವಸರ ಇದ್ದಾಗಂತೂ ಹತ್ತರಲ್ಲಿ ಒಂದು ಕಡಿಮೆ ಬಿದ್ದರೆ ಎರಡು ಕೂಡಿಯೇ ಹಾರಿರುತ್ತವೆ. ಅಣ್ಣ ಇಳಿದ. ನಾಲ್ಕನೆಯ ಏಟಿಗೆ ಹಾರೆ ಆ ಕಡ್ಡಿಗೆ ತಾಗಿತು. ಎರಡೂ ಕಣ್ಣು ಹೋದವು. ಬಲಗೈಯ ಮೂರು ಬೆರಳು ಹೋದವು. ಕಲ್ಲಿನ ಚೂರು ಚರ್ಮದೊಳಗೆ ಹೊಕ್ಕು, ಮುಖದ ಮೇಲೆ ಯಾರೋ ಸಾಸಿವೆ ಚೆಲ್ಲಿದಂತೆ ಇವತ್ತಿಗೂ ಕರ್ರಗೆ ಕಾಣುತ್ತದೆ.

ಕೈಕಾಲು ಹೋದವನ ಜಾಗಕ್ಕೆ ಅವನ ಮನೆಯವರನ್ನೇ ಕರೆಯುವುದು ನಮ್ಮ ತಂಡಗಳ ರೂಢಿ. ಅಣ್ಣ ಆಸ್ಪತ್ರೆಯಿಂದ ಬಂದ ವಾರಕ್ಕೆ ಮುಕಾದಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದ: "ಸಣ್ಣಾವನ್ನ ಕಳಸಬೇ. ಅವ ಲೆಕ್ಕದಾಗ ಚಲೋ ಅದಾನಂತ." ಮನೆಯಲ್ಲಿ ದುಡಿಯುವ ಬೇರೆ ಗಂಡಸಿರಲಿಲ್ಲ. ನಾನು ಹೋದೆ. ತಂಡದವರು ಆಮೇಲೆ ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಸಪ್ಪಳ ಮುಗಿದ ಮೇಲೆ ಮೊದಲು ಇಳಿಯುವವನು ಮುಕಾದಮನೇ. ಅವನ ಹಿಂದೆ ಉಳಿದವರು.

ಈ ಕಟ್ಟಳೆಯೇ ನನ್ನ ತಲೆ ಕೆಡಿಸಿತು. ಒಂದು ದಿನ ಒಂದು ಸಪ್ಪಳ ಕಡಿಮೆ ಆಗುತ್ತದೆ, ನಾನು ಹತ್ತು ಅನ್ನುತ್ತೇನೆ, ಅವನು ಇಳಿಯುತ್ತಾನೆ. ಇಷ್ಟೇ. ಕೈ ಎತ್ತಬೇಕಾಗಿಲ್ಲ, ಒಂದು ಅಂಕಿ ಬದಲಿಸಿದರೆ ಸಾಕು.

ನಾನು ಚಿಕ್ಕಂದಿನಿಂದ ಎಲ್ಲವನ್ನೂ ಬರೆದಿಡುವವನು. ಈ ವರ್ಷದ ಆರಂಭದಲ್ಲಿ ತಿಕೋಟಾದ ಒಂದು ದ್ರಾಕ್ಷಿ ಪಡದಲ್ಲಿ, ಅಂದರೆ ತೋಟದಲ್ಲಿ, ಹೊಸ ಬಾವಿ ಹಿಡಿದಾಗ ಹೊಸ ವಹಿಯನ್ನೂ ಹಿಡಿದೆ. ಎಡಗಡೆ ತಾರೀಖು, ಕುಳಿ ಎಷ್ಟು, ಸಪ್ಪಳ ಎಷ್ಟು, ಆಳ ಎಷ್ಟು ಮೊಳ. ಬಲಗಡೆ ಗೀಟುಗಳು. ಮುಕಾದಮನನ್ನು ಕೊಲ್ಲುವ ವಿಚಾರ ಬಂದಾಗಲೆಲ್ಲ ಒಂದು ಗೀಟು. ಫೆಬ್ರವರಿ ಮೂರು, ಸೋಮವಾರ: ಮೂವತ್ತೊಂದು. ಉಣ್ಣುವಾಗ, ಹಾರೆ ಮಸೆಯುವಾಗ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೂ ಬರುತ್ತಿತ್ತು. ಬಾವಿಯ ದಂಡೆಯಿಂದ ಒಂದು ಕಲ್ಲು ಜಾರಿ ಅವನ ನೆತ್ತಿಗೆ ಬೀಳುವುದು. ಹಗ್ಗ ಅವನ ಕೊರಳಿಗೆ ಸುತ್ತುವುದು. ಅವನ ಮುಖದ ತುಂಬ ಸಾಸಿವೆ. ಒಂದೊಂದು ಸಲ ನಾನು ಅದನ್ನು ನೋಡುತ್ತ ರುಚಿಯಾಗಿ ಉಂಡಿದ್ದೇನೆ. ಇದನ್ನೂ ಬರೆದಿದ್ದೇನೆ.

ಫೆಬ್ರವರಿ ಆರು, ಗುರುವಾರ. ಘೋಣಸಗಿಯಿಂದ ಬರುತ್ತಿದ್ದ ಒಬ್ಬ ಆಳು ಮೇಲೆಳೆಯುತ್ತಿದ್ದ ಕಲ್ಲಿನ ಬುಟ್ಟಿಯನ್ನು ಅರ್ಧಕ್ಕೆ ಬಿಟ್ಟ. ಬುಟ್ಟಿ ಕೆಳಗಿದ್ದವರ ಪಕ್ಕದಲ್ಲೇ ಬಿತ್ತು. ಮುಕಾದಮ ಸೊಂಟದ ಪಟ್ಟಾ ಬಿಚ್ಚಿದ. ಅದರ ತುದಿಗೆ ಹಿತ್ತಾಳೆಯ ಬಕ್ಕಲು ಇತ್ತು. ಆ ಮನುಷ್ಯನನ್ನು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಕಾಲಿಟ್ಟು ಹೊಡೆದ. ಹೊಡೆಯುವಾಗ ಅವನು ಬೈಯುವುದಿಲ್ಲ, ನಗುತ್ತಾನೆ. "ಮಂದೀನ್ನ ಕೊಲ್ತೀಯೇನಲೇ? ಹಾಂ? ನನ್ನ ಮಂದೀನ್ನ?" ಅನ್ನುತ್ತಿದ್ದ. ಕಿವಿ ಹರಿದು ರಕ್ತ ಎರೆಮಣ್ಣಿಗೆ ಸುರಿಯಿತು. ನನ್ನ ಕೈಯಲ್ಲಿ ಕಲ್ಲಿತ್ತು. ಯಾವಾಗ ಎತ್ತಿಕೊಂಡೆನೋ ತಿಳಿಯದು. ಮದ್ದು ತುಂಬುವ ಚಾಚಾ, ಐವತ್ತು ದಾಟಿದ ಮುಸಲ್ಮಾನ ಹಿರಿಯ, ನನ್ನ ಮುಷ್ಟಿಯನ್ನು ತನ್ನ ಎರಡೂ ಕೈಯಿಂದ ಅಮುಕಿ ಕಲ್ಲು ಬೀಳಿಸಿದ. ಚಾಚಾನ ಕಿವಿ ಮದ್ದಿನ ಸಪ್ಪಳಕ್ಕೆ ಎಂದೋ ಕೆಟ್ಟಿದ್ದವು. ಹಾಗಾಗಿ ಅವನು ಎಣಿಸಲಾರ, ಮೆಲ್ಲಗೆ ಮಾತಾಡಲೂ ಆರ.

"ಬ್ಯಾಡೋ ಬೇಟಾ!" ಎಂದು ಕಿರುಚಿದ.

ಮುಕಾದಮ ತಿರುಗಿ ನೋಡಿದ. ನನ್ನ ಕಾಲ ಬಳಿ ಬಿದ್ದ ಕಲ್ಲನ್ನೂ ನೋಡಿದ. "ಯಾಕಲೇ ಪಾದ್ರಿ, ಪ್ರಾರ್ಥನಿ ಮಾಡಾಕತ್ತೀಯೇನು?" ಎಂದು ಪಟ್ಟಾ ಒರೆಸಿಕೊಂಡ. ನಾನು ದಿನಾ ಬೆಳಿಗ್ಗೆ ಮೊಣಕಾಲೂರುವುದನ್ನು ಕಂಡು ಅವನು ಇಟ್ಟ ಹೆಸರು ಅದು.

ಆ ದಿನದ ಗೀಟು: ನಲವತ್ತನಾಲ್ಕು.

ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಹೊಸ್ತಿಲು ದಾಟಿದೊಡನೆ ನನ್ನ ಹೆಜ್ಜೆ ಗುರುತು ಹಿಡಿದು ಅಣ್ಣ ಕೇಳಿದ, ಪ್ರತಿ ಶನಿವಾರ ಕೇಳುವುದನ್ನೇ.

"ಇನ್ನೂ ಬದಕ್ಯಾನೇನು?"

"ಹೂಂ."

"ಎಷ್ಟ ಕುಳಿ ಹೊಡದ್ರಿ ಈ ವಾರ?"

"ಇಪ್ಪತ್ತೆಂಟು."

"ಇಪ್ಪತ್ತೆಂಟರಾಗ ಒಂದೂ ಉಳೀಲಿಲ್ಲಾ?" ಎಂದವನು ಮುಂದಿದ್ದ ತಾಟನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ರೊಟ್ಟಿ ಅವ್ವನ ಕಾಲ ಬಳಿ ಬಿತ್ತು. "ಒಂದ ಉಳದ್ರ ಸಾಕಲೋ! ಒಂಬತ್ತಕ್ಕ ಹತ್ತು ಅನ್ನಾಕ ಬಾಯಿಗೆ ಏನ ಬಡದೈತಿ ನಿನಗ?" ಆಮೇಲೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ. ಹಿಡಿಯಲು ಹೋದ ಅವ್ವನ ಮೊಣಕೈ ಕಚ್ಚಿದ. ನಾನು ಅವನನ್ನು ಕೆಡವಿ ಎದೆಯ ಮೇಲೆ ಕುಳಿತೆ. ಅವನು ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದ ನನ್ನ ಕೊರಳು ಹುಡುಕುತ್ತಿದ್ದ. ಇದು ನಮ್ಮ ಮನೆಯ ಶನಿವಾರ.

ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಅಕ್ಕೋರ ಮನೆಗೆ ಹೋದೆ. ನಮ್ಮ ಸಭೆಯ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ವಿಧವೆ. ನಿವೃತ್ತಿಯಾದ ಮೇಲೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯಲ್ಲಿದ್ದರು. ವಹಿ ತೋರಿಸಿದೆ. ಅವರು ರೂಢಿಯಂತೆ ಕೆಂಪು ಪೆನ್ಸಿಲ್ ಹುಡುಕಿ ಕಿವಿಗೆ ಸಿಕ್ಕಿಸಿಕೊಂಡು ನೋಡಿದರು.

"ಎಡಗಡೆ ತಿಳೀತು. ಬಲಗಡೆ ಈ ಗೀಟ ಏನವು?"

"ಅವನ್ನ ಕೊಲ್ಲಬೇಕಂತ ವಿಚಾರ ಬಂದಾಗೊಮ್ಮೆ ಒಂದ ಗೀಟರಿ ಅಕ್ಕೋರ."

ಅವರು ಬೆಚ್ಚಲಿಲ್ಲ. ನಾಲ್ಕೈದು ಪುಟ ತಿರುವಿದರು.

"ಹಿಂಗಂದ್ರ ನೀ ಸೈತಾನನ ಹಾಜರಿ ಬರೀಯಾಕತ್ತೀ ಯಪ್ಪಾ. ಅವ ನಿನ್ನೆ ಬಂದಾನ, ಇವತ್ತೂ ಬಂದಾನ. ಒಂದ ದಿನಾನೂ ತಪ್ಪಿಸಿಲ್ಲ ಪುಣ್ಯಾತ್ಮ. ನಿನ್ನ ಹಾಜರಿ ಎಲ್ಲೈತಿ ಇದರಾಗ?"

ನನಗೆ ನಾಚಿಕೆಯಾಯಿತು. ಎಣಿಸಿದರೆ ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೆ. ನಿಜವಾಗಿ, ಹೆಚ್ಚಾದಷ್ಟೂ ನನಗೊಂದು ಹೆಮ್ಮೆ ಬರುತ್ತಿತ್ತು. ನಲವತ್ತನಾಲ್ಕಕ್ಕೆ ನಾನು ಅಡಿಗೆರೆ ಹಾಕಿದ್ದೆ.

ಅಕ್ಕೋರು ಗೀಟುಗಳ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ಇನ್ನೊಂದು ಅಂಕಣ ಎಳೆದರು. "ಒಂದ ಗೀಟಿಗೆ ಒಂದ ಉತ್ತರಾ. ವಿಚಾರ ಬಂತಂದ್ರ ಅವನ ಹೆಸರ ಹಿಡದು ಕರ್ತನ ಮುಂದ ಬೇಡು, ಅವ ಬದುಕಲಿ ಅಂತ. ಬಾಯಿಲೆ ಅಷ್ಟ ಸಾಲಂಗಿಲ್ಲ. ಎದ್ದ ಹೋಗಿ ಅವನ ಸಲುವಾಗಿ ಒಂದ ಕೆಲಸಾ ಮಾಡು. ಕೈಲೆ ಮಾಡೂ ಕೆಲಸಾ."

"ಮನಸ ಬರಂಗಿಲ್ಲರಿ."

"ಮನಸಿನ ದಾರಿ ಯಾಕ ಕಾಯ್ತಿ? ಸಾಲಿಗೆ ನೀ ಮನಸಿಟ್ಟು ಬಂದಿದ್ದೇನು? ನಿಮ್ಮವ್ವ ರಟ್ಟಿ ಹಿಡದು ಎಳಕೊಂಡ ಬಂದಿದ್ಲು, ನೀ ದಾರಿ ತುಂಬ ಅಳಕೊಂತ ಬಂದಿದ್ದಿ. ಕೈ ಮೊದಲ ಹೋಗಲಿ. ಮನಸ ಹಿಂದಿಂದ ಅಳಕೊಂತ ಬರ್ತೈತಿ."

"ಅವ ನಮ್ಮಣ್ಣನ ಕಣ್ಣ ಕಳದಾನರಿ."

"ನನಗೂ ಗೊತ್ತೈತಿ," ಎಂದರು ಅಕ್ಕೋರು. ಅವರ ದನಿ ಗಡುಸಾಯಿತು. "ಇನ್ನೊಬ್ಬರ ಕಣ್ಣ ಕಳದ್ರ ಅವನ ಕಣ್ಣ ಹೊಳ್ಳಿ ಬರ್ತಾವಂದ್ರ ಹೇಳು, ತಿವಿಯಾಕ ಈ ಪೆನ್ಸಿಲ್ ನಾನ ಕೊಡತೇನಿ."

ಆ ಬುಧವಾರದಿಂದ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ ಶುರುವಾಗುವುದಿತ್ತು. ನಾನು ಆವತ್ತೇ ಹೊಸ ಅಂಕಣ ತೆರೆದೆ. ಬೆಳಿಗ್ಗೆ ಐದಕ್ಕೆ ಏಳುವುದು, ತಣ್ಣೀರು, ಮೊಣಕಾಲೂರಿ ಪ್ರಾರ್ಥನೆ, ಮಧ್ಯಾಹ್ನದವರೆಗೆ ಬರೀ ನೀರು. ಕೈಕೆಲಸಕ್ಕೆ ನಾನು ಆರಿಸಿಕೊಂಡದ್ದು ಹಗ್ಗದ ಗಂಟು. ಬಾವಿಗೆ ಇದ್ದದ್ದು ಒಂದೇ ಹಗ್ಗ. ದಂಡೆಯ ಜಾಲಿ ಗಿಡದ ಬುಡಕ್ಕೆ ಕಟ್ಟಿರುತ್ತಿತ್ತು. ಕಲ್ಲಿನ ಬುಟ್ಟಿ ಬರುವುದೂ ಅದರಲ್ಲೇ, ಮುಕಾದಮ ಇಳಿಯುವುದೂ ಅದರಲ್ಲೇ. ವಿಚಾರ ಬಂದೊಡನೆ ಎದ್ದು ಹೋಗಿ ಆ ಗಂಟನ್ನು ಬಿಚ್ಚಿ, ಹುರಿ ಸವೆದಿದೆಯೇ ನೋಡಿ, ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದೆ. ಕಟ್ಟುವಾಗ ಅವನ ಹೆಸರು ಹೇಳುತ್ತಿದ್ದೆ. ಮೊದಲ ವಾರ ಆ ಹೆಸರು ಹೇಳಿದಾಗ ವಾಂತಿ ಬಂದಂತಾಗುತ್ತಿತ್ತು. ಒಂದು ಸಲ ಬಂದೇ ಬಂತು.

"ಏ ಪಾದ್ರಿ, ಆ ಗಂಟಿನ ಕೂಡ ಮದಿವಿ ಆಗೀಯೇನ್ಲೇ?" ಎಂದು ಮುಕಾದಮ ನಗುತ್ತಿದ್ದ. ಆ ನಗುವಿಗೂ ಒಂದು ಗೀಟು, ಒಂದು ಗಂಟು.

ಲೆಕ್ಕ ಹೀಗಿದೆ: ಮೊದಲ ವಾರ ದಿನಕ್ಕೆ ಸುಮಾರು ಇಪ್ಪತ್ತಾರು. ಎರಡನೆಯ ವಾರ ಇಪ್ಪತ್ತೇಳು. ಅಂಗೈಯೆಲ್ಲ ಸುಲಿದುಹೋಗಿ, ಅಕ್ಕೋರು ಮೋಸ ಮಾಡಿದರು ಎನ್ನಿಸಿತು. ಮೂರನೆಯ ವಾರ ಹತ್ತೊಂಬತ್ತು. ಮಾರ್ಚ್ ಹತ್ತರ ಸೋಮವಾರ ಆರು. ಮರುದಿನವೇ, ಅಣ್ಣ ತನ್ನ ಹಣೆ ಒಡೆದುಕೊಂಡ ಸುದ್ದಿ ಬಂದಾಗ, ಮೂವತ್ತನಾಲ್ಕು. ಮೂವತ್ತನಾಲ್ಕು ಸಲ ಗಂಟು ಬಿಚ್ಚಿ ಕಟ್ಟಿದೆ. ಹುರಿಗೆ ನನ್ನ ರಕ್ತ ಹತ್ತಿತು.

ಮಾರ್ಚ್ ಇಪ್ಪತ್ತು, ಗುರುವಾರ. ಬಾವಿ ನಲವತ್ತು ಮೊಳಕ್ಕೆ ಬಂದಿತ್ತು. ಪಡದ ಒಡೆಯರಾದ ಗೌಡರು ಬೆಳಿಗ್ಗೆಯೇ ಬಂದು, ದ್ರಾಕ್ಷಿಗೆ ನೀರಿಲ್ಲ, ವಾರದೊಳಗೆ ಸೆಲೆ ಕಾಣಬೇಕು ಎಂದು ಮುಕಾದಮನನ್ನು ಎಲ್ಲರೆದುರು ಬೈದು ಹೋಗಿದ್ದರು. ಚಾಚಾ ಹತ್ತು ಕುಳಿ ತುಂಬಿದ. ಮೇಲೆ ಬಂದರು, ಹಗ್ಗ ಎಳೆದುಕೊಂಡರು, ಸೀಟಿ ಹೊಡೆದರು. ನಾನು ಬಂಡೆಯ ಮರೆಗೆ ಮಲಗಿ ಹಣೆಯನ್ನು ನೆಲಕ್ಕೆ ಒತ್ತಿದೆ.

ಒಂದು. ಎರಡು. ಮೂರು, ನಾಲ್ಕು ಒಂದರ ಬೆನ್ನಿಗೊಂದು. ಐದರ ಕಲ್ಲುಗಳು ತಲೆಯ ಮೇಲಿಂದ ಹಾರಿದವು. ಆರು. ಏಳು. ಎಂಟು. ಒಂಬತ್ತು.

ಒಂದು ಬೆರಳು ನೆಟ್ಟಗೆ ನಿಂತಿತ್ತು. ಬಲಗೈಯ ಕಿರುಬೆರಳು. ಅದನ್ನು ನೋಡುತ್ತ ಮಲಗಿದ್ದೆ. ಹೊಗೆ ಏರಿತು, ತೆಳುವಾಯಿತು. ಆ ಬೆರಳು ಮಡಿಯಲಿಲ್ಲ.

"ಹತ್ತೂ ಆದವಲಾ ಪಾದ್ರಿ?" ಎಂದು ಮುಕಾದಮ ದಂಡೆಯಿಂದ ಕೂಗಿದ. ಅವನಾಗಲೇ ಹಗ್ಗವನ್ನು ಬಾವಿಗೆ ಇಳಿಬಿಟ್ಟಿದ್ದ.

ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಣ್ಣನ ಮುಖ ಕಣ್ಣ ಮುಂದೆ ಬಂತು, ಪ್ರತಿಯೊಂದು ಕರಿ ಚುಕ್ಕೆಯೊಂದಿಗೆ. ಎಷ್ಟು ಹೊತ್ತು ಸುಮ್ಮನಿದ್ದೆ? ವಹಿಯಲ್ಲಿ 'ಐದು ಉಸಿರು' ಎಂದು ಬರೆದಿದ್ದೇನೆ. ಆ ಐದು ಉಸಿರಿನಲ್ಲಿ ನಾನು ಕೊಲೆಗಾರನೇ. ವಿಚಾರ ಬಂದೊಡನೆ ಏಳುವುದು ಕಾಲಿಗೆ ರೂಢಿಯಾಗಿತ್ತು. ಮನಸ್ಸು ಇನ್ನೂ ಬಂಡೆಯ ಮರೆಯಲ್ಲೇ ಮಲಗಿತ್ತು, ಕಾಲು ಜಾಲಿ ಗಿಡದ ಕಡೆ ನಡೆದವು. ಕೈ ಗಂಟಿನ ಮೇಲೆ ಬಿತ್ತು. ಬಾಯಿಯಲ್ಲಿ ಅವನ ಹೆಸರು ಬಂತು.

"ಒಂಬತ್ತು," ಅಂದೆ.

"ಏನು?"

"ಒಂಬತ್ತರಿ. ಒಂದ ಉಳದೈತಿ. ಇಳೀಬ್ಯಾಡ್ರಿ."

ಅವನು ನನ್ನನ್ನು ನೋಡಿದ, ಗೌಡರ ಮನೆಯ ದಿಕ್ಕನ್ನು ನೋಡಿದ. ಆಮೇಲೆ ಆ ಮಾತು ಅಂದ.

"ಎರಡ ಕೂಡಿ ಹಾರ್ಯಾವು."

ಧೋತರದ ಕಚ್ಚೆಯನ್ನು ಬಿಗಿ ಮಾಡಿಕೊಳ್ಳಲು ಬಗ್ಗಿದ. ಹಗ್ಗಕ್ಕೆ ಇನ್ನೂ ಕೈ ಹಾಕಿರಲಿಲ್ಲ. ನಲವತ್ತು ದಿನದ ಹತ್ತಿರ ಕಟ್ಟಿ ಬಿಚ್ಚಿದ ಗಂಟದು, ಕಣ್ಣು ಬೇಕಾಗಿರಲಿಲ್ಲ. ಅವನು ಹಗ್ಗಕ್ಕೆ ಜೋತುಬೀಳುವವರೆಗೆ ತಡೆದು ಬಿಚ್ಚಿದರೆ, ಎಂಬುದೂ ಆಗಲೇ ಹೊಳೆಯಿತು. ತಡೆಯಲಿಲ್ಲ. ಬಿಚ್ಚಿಬಿಟ್ಟೆ. ಹಗ್ಗ ತನ್ನ ಭಾರಕ್ಕೆ ತಾನೇ ಹಾವಿನಂತೆ ಸರಸರನೆ ಹರಿದು ಅವನ ಕಾಲ ಪಕ್ಕದಿಂದ ದಂಡೆ ದಾಟಿ ಬಾವಿಗೆ ಬಿತ್ತು.

ಪಟ್ಟಾ ಬಿಚ್ಚಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಮೊದಲ ಏಟು ಕಿವಿಗೆ ಬಿತ್ತು. ಬಿದ್ದೆ. ಆಮೇಲಿನವು ಬೆನ್ನಿಗೆ. ನಾನು ಎರೆಮಣ್ಣನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎಣಿಸಿದೆ. ಎಣಿಸುವುದನ್ನು ಬಿಟ್ಟರೆ ಎದ್ದು ಅವನನ್ನು ನೂಕುತ್ತೇನೆಂದು ಹೆದರಿ ಎಣಿಸಿದೆ. ಬೆನ್ನಿಗೆ ಹನ್ನೊಂದಾದಾಗ ಚಾಚಾ ಅವನ ಕೈಗೆ ಜೋತುಬಿದ್ದ.

"ಹುಡುಗ ಏನಂದಾ? ಎಷ್ಟಂದಾ?" ಎಂದು ಕಿರುಚಿದ ಚಾಚಾ. ತಂಡದವನೊಬ್ಬ ಒಂಬತ್ತು ಬೆರಳು ತೋರಿಸಿದ. ಚಾಚಾ ಬಾವಿಯ ದಂಡೆಗೆ ಅಡ್ಡ ಕುಳಿತುಬಿಟ್ಟ. "ಮದ್ದ ತುಂಬಿದಾವ ನಾನು. ನಾಳಿಗೆ ಮೊದಲ ಇಳಿಯಾವನೂ ನಾನ. ಇವತ್ತ ಯಾವನರ ಇಳದ್ರ ನನ್ನ ಹೆಣದ ಮ್ಯಾಲ ಹಾದು ಇಳೀಲಿ."

ಇನ್ನೊಂದು ಹಗ್ಗ ತಿಕೋಟಾದ ಪೇಟೆಯಿಂದ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಶುಕ್ರವಾರ ಬೆಳಿಗ್ಗೆ ಚಾಚಾ ಒಂದು ಕೊಡ ನೀರಿನೊಂದಿಗೆ ಇಳಿದ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಬುಟ್ಟಿ ಎಳೆಯಿರೆಂದು ಕೂಗಿದ. ಬುಟ್ಟಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಮದ್ದಿನ ಕಡ್ಡಿ ಇತ್ತು, ಇಡಿಯಾಗಿ. ಬತ್ತಿ ಅರ್ಧಕ್ಕೆ ಉರಿದು ಸತ್ತಿತ್ತು.

ಮುಕಾದಮ ಅದನ್ನು ನೋಡಿದ. ಬಾವಿಯ ದಂಡೆಗೆ, ಕಾಲು ಒಳಗೆ ಇಳಿಬಿಟ್ಟು ಕುಳಿತ. ಜೇಬಿನಿಂದ ಬೀಡಿ ತೆಗೆದ. ಅಷ್ಟರಲ್ಲಿ ಮೇಲೆ ಬಂದಿದ್ದ ಚಾಚಾ ಅದನ್ನು ಕಸಿದು ಎಸೆದ. "ಮದ್ದ ಮಗ್ಗಲಾಗ ಇಟಗೊಂಡು ಬೀಡಿ ಹಚ್ಚತಾನ! ಒಬ್ಬನ ಹೋಗಾಕ ಬ್ಯಾಸರೇನ್ಲೇ?" ಯಾರೋ ನಕ್ಕರು. ಚಾಚಾ ಬುಟ್ಟಿ ಎತ್ತಿಕೊಂಡು ದೂರ ಹೋದ. ನಕ್ಕವರೂ ಅವನ ಹಿಂದೆ ಹೋದರು. ದಂಡೆಯಲ್ಲಿ ಅವನು, ಅವನ ಬೆನ್ನ ಹಿಂದೆ ನಾನು, ಇಬ್ಬರೇ.

"ಬಬಲೇಶ್ವರದಾಗ," ಅಂದ ಅವನು, ತಿರುಗದೆ. "ನಿಮ್ಮಣ್ಣ ಒಂಬತ್ತ ಅಂದಿದ್ದ. ನಾ ಎರಡ ಕೂಡಿ ಹಾರ್ಯಾವು ಅಂದೆ." "ಆವತ್ತ ನಾ ಎಣಿಸಿರಲ ಇಲ್ಲಲೇ. ಮಂದಿ ಕೂಡ ಮಾತಾಡಾಕತ್ತಿದ್ದೆ."

ವಹಿಯಲ್ಲಿ ಬರೆದ ಎಲ್ಲ ಗೀಟುಗಳೂ ಕೂಡಿ ಒಂದೇ ಗೀಟಾಗಿ ಬಂದವು. ಅವನ ಬೆನ್ನು ನನ್ನ ಮೊಣಕಾಲಿಗೆ ಒಂದು ಗೇಣು ದೂರ. ಕೆಳಗೆ ನಲವತ್ತು ಮೊಳ ಕರಿಕಲ್ಲು. ಜಾರಿದ ಎಂದರೆ ಯಾರೂ ಅಲ್ಲ ಅನ್ನುತ್ತಿರಲಿಲ್ಲ. ಹೋಗಿ ಕಟ್ಟಲು ಗಂಟಿರಲಿಲ್ಲ. ಹೊಸ ಹಗ್ಗವನ್ನು ಚಾಚಾನೇ ಬಿಗಿದಿದ್ದ. 'ಕರ್ತನೇ, ಇವನು ಬದುಕಲಿ' ಎಂದೆ. ಮನಸ್ಸಿನಿಂದಲ್ಲ, ಹಲ್ಲು ಕಚ್ಚಿ. ಅವನ ರಟ್ಟೆ ಹಿಡಿದೆ.

"ದಂಡಿಗೆ ಕುಂದ್ರಬ್ಯಾಡ್ರಿ," ಅಂದೆ. "ಈ ಕಡೆ ಸರೀರಿ."

ಅವನು ನನ್ನ ಕೈ ನೋಡಿದ. ಎದ್ದು ಈಚೆ ಬಂದ. ತಪ್ಪಾಯಿತು ಎನ್ನಲಿಲ್ಲ. "ಬೆನ್ನಿಗೆ ಅರಿಷಿಣ ಹಚ್ಚಿಸ್ಕೋ. ಸೋಮವಾರ ಬಾ," ಎಂದಷ್ಟೇ ಹೇಳಿ ಹೋದ. ಆ ಗೀಟು ನನ್ನ ವಹಿಯಲ್ಲಿ ಎಲ್ಲಕ್ಕಿಂತ ಕಪ್ಪಾಗಿದೆ. ಬರೆಯುವಾಗ ಕಾಗದ ಹರಿದಿದೆ. ಎದುರಿನ ಅಂಕಣದಲ್ಲಿ 'ಈಚೆಗೆ ಕರೆದೆ' ಎಂದಿದೆ.

ಅದೇ ದಿನ ಸಂಜೆ ಮನೆಗೆ ಬಂದೆ. ಬಸ್ಸಿನಲ್ಲಿ ಸೀಟಿಗೆ ಒರಗಲಾಗದೆ ನಿಂತೇ ಬಂದಿದ್ದೆ. ಅಣ್ಣ ತಲೆ ಎತ್ತಿದ.

"ಇವತ್ತ ಶುಕ್ರವಾರ ಅಲ್ಲೇನು? ಯಾಕ ಬಂದಿ? ಸತ್ತನೇನು?"

"ಇಲ್ಲ. ನಿನ್ನೆ ಹತ್ತ ಕುಳಿಗೆ ಒಂಬತ್ತ ಆದವು."

ಅವನು ಉಸಿರು ಹಿಡಿದ. "ನೀ ಎಷ್ಟಂದಿ?"

"ಒಂಬತ್ತು."

ತಾಟು ಹಾರುತ್ತದೆಂದು ಅವ್ವ ಬದಿಗೆ ಸರಿದಳು. ಅವನು ತಾಟು ಎತ್ತಲಿಲ್ಲ, ನನ್ನ ಅಂಗಿ ಹಿಡಿದು ಎಳೆದ. ಅಂಗಿ ಬೆನ್ನಿಗೆ ಅಂಟಿತ್ತು, ನಾನು ಚೀರಿದೆ. ಅವನ ಕೈ ನಿಂತಿತು.

"ಯಾರ ಹೊಡದ್ರು?"

ಎಲ್ಲವನ್ನೂ ಹೇಳಿದೆ. ಹಗ್ಗ, ಪಟ್ಟಾ, ಬೆಳಿಗ್ಗೆ ಬುಟ್ಟಿಯಲ್ಲಿ ಬಂದ ಕಡ್ಡಿ. ಬಬಲೇಶ್ವರದಲ್ಲಿ ಮುಕಾದಮ ಎಣಿಸಿರಲೇ ಇಲ್ಲ ಎಂಬುದನ್ನೂ ಹೇಳಿದೆ. ಅಣ್ಣನ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು, ನಾಯಿ ಗುರುಗುಟ್ಟುವ ಹಾಗೆ.

"ಅಂದ್ರ ನಾ ಬರೋಬ್ಬರಿ ಎಣಿಸಿದ್ದೆ," ಅಂದ ಕೊನೆಗೆ.

"ಹೂಂ ಅಣ್ಣಾ. ಬರೋಬ್ಬರಿ ಎಣಿಸಿದ್ದಿ."

ಅವನು ನನ್ನನ್ನು ಬೋರಲು ಮಲಗಿಸಿದ. ಅವ್ವ ಬಿಸಿನೀರು ತಂದು ಅಂಗಿಯನ್ನು ನೆನೆಸಿ ಬಿಡಿಸಿದಳು. ಅಣ್ಣ ಉಳಿದ ಎರಡು ಬೆರಳಿನಿಂದ ನನ್ನ ಬೆನ್ನ ಮೇಲೆ ಒಂದೊಂದೇ ಬಾಸುಂಡೆಯನ್ನು ಮುಟ್ಟುತ್ತ ಮೆಲ್ಲಗೆ ಎಣಿಸಿದ.

"ಎಷ್ಟ ಬರದೀ ವಹಿಯಾಗ?"

"ಬೆನ್ನಿಗೆ ಹನ್ನೊಂದು."

"ಹನ್ನೆರಡ ಅದಾವು," ಅಂದ. ಬೆರಳು ಬಲ ಪಕ್ಕೆಯ ಮೇಲೆ ನಿಂತಿತ್ತು. ಅಲ್ಲಿ ಬಕ್ಕಲು ಬಿದ್ದ ಗಾಯವೊಂದರ ಮೇಲೆ ಇನ್ನೊಂದು ಗಾಯವಿತ್ತು. "ಇಲ್ಲೆ ನೋಡು. ಎರಡ ಕೂಡಿ ಬಿದ್ದಾವು."

ಅವ್ವ ವಹಿ ತಂದುಕೊಟ್ಟಳು. ಬೋರಲು ಮಲಗಿಕೊಂಡೇ ಹನ್ನೊಂದನ್ನು ಹೊಡೆದು ಹನ್ನೆರಡು ಎಂದು ಬರೆದೆ. ಅಣ್ಣನ ಕೈ ನನ್ನ ಬೆನ್ನ ಮೇಲೆಯೇ ಇತ್ತು.